ಒಂದು ತೂಬಿಗೆ ಎರಡು ಬೀಗ

ಬಾತಕ್ಕನ ವಿಷಯ ಎತ್ತಿದರೆ ಸಾಕು, ಊರಿನವರು ಮೊದಲು ಆಚೀಚೆ ನೋಡುತ್ತಾರೆ, ಅವಳೆಲ್ಲಾದರೂ ಹತ್ತಿರದಲ್ಲೇ ಇದ್ದಾಳೇನೋ ಎಂದು. ಇಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿ ಬಿಡುತ್ತಾರೆ. ಕೆಲವರಿಗೆ ಅವಳು ಗಟ್ಟಿಗಿತ್ತಿ, ಕೆಲವರಿಗೆ ಗಯ್ಯಾಳಿ. ಎರಡು ಗುಂಪಿನವರೂ ಹೇಳುವುದು ಒಂದೇ ಕತೆ, ಕೊನೆಗೆ ತಲೆ ಆಡಿಸುವ ರೀತಿ ಮಾತ್ರ ಬೇರೆ.

ಎತ್ತರದ ಆಳು, ದೊಡ್ಡ ಹೆಜ್ಜೆ, ಕೆರೆಯ ಆಚೆ ದಡಕ್ಕೆ ಕೇಳಿಸುವ ದನಿ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಾತುಕೋಳಿ ಮೇಯಿಸಿದಳು, ಮೊಟ್ಟೆ ಮಾರಿದಳು, ಮನೆಗೆ ಹೆಂಚು ಹೊದಿಸಿದಳು. ಮದುವೆಯ ಮಾತು ಒಂದೆರಡು ಸಲ ಅವಳ ಬಾಗಿಲ ತನಕ ಬಂದು, ಸೊಂಟದ ಮೇಲಿನ ಕೂಸನ್ನು ಕಂಡು, ಕಾಲಿಗೆ ಬುದ್ಧಿ ಹೇಳಿತು. ಅವಳೇನೂ ಹಿಂದೆ ಓಡಲಿಲ್ಲ. "ಹೋದ್ರೆ ಹೋಗ್ಲಿ. ಇವನಿಗೆ ನಾನು ಬೇಕು, ಬಾತುಗಳಿಗೆ ನಾನು ಬೇಕು. ಬೇಡ ಅಂದೋರ ಕಾಲು ಹಿಡಿಯೋಕೆ ನನಗೆಲ್ಲಿದೆ ಪುರುಸೊತ್ತು?" ಎಂದಳು. ಹಾಗೆ ಅವಳ ಹೆಸರು ಮರೆತುಹೋಗಿ ಊರಿಗೆಲ್ಲ ಬಾತಕ್ಕ ಆದಳು.

ಊರು ಎಂದರೆ ನಿಜಕ್ಕೂ ಎರಡು ಊರು. ದಿಣ್ಣೆಯ ಮೇಲೊಂದು, ತಗ್ಗಿನಲ್ಲೊಂದು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಒಂದು ಗಡಿಕಲ್ಲು ಅಷ್ಟೇ. ಆದರೆ ಪುರಸಭೆ ಎರಡು, ಅಧ್ಯಕ್ಷರು ಇಬ್ಬರು. ಮೇಲಿನ ಊರಿನ ಮಳೆನೀರಿನ ಚರಂಡಿ ಇಳಿಜಾರಿನಲ್ಲಿ ಹರಿದು, ಗಡಿಕಲ್ಲು ದಾಟಿ, ಬಾತಕ್ಕನ ಮನೆಯ ಹಿಂದಿನ ಕೆರೆಗೆ ಬಂದು ಬೀಳುತ್ತದೆ. ಅದನ್ನು ಕಟ್ಟಿದ್ದು ಬರೀ ಮಳೆನೀರಿಗೆ. ಮನೆಯ ಕೊಳೆನೀರಿಗೆ ಬೇರೆ ಕೊಳವೆ ಇದೆ. ಮೇಲಿನ ಊರಿನವರಿಗೆ ಈ ಭೇದವೆಲ್ಲ ಯಾಕೆ? ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಬಿಸಿಲಿನಲ್ಲಿ ಸುರಿದರೆ ಕಾಣುತ್ತದೆ, ನಾರುತ್ತದೆ. ಅದಕ್ಕೆ ಬೇಡದ್ದನ್ನೆಲ್ಲ ಹಿತ್ತಲಲ್ಲಿ ಕೂಡಿಟ್ಟು, ಗುಡುಗು ಕೇಳಿದ ಕೂಡಲೇ ಹಿಂಬಾಗಿಲು ತೆಗೆದು ಚರಂಡಿಗೆ ಬಗ್ಗಿಸುವುದು. ಪೇಂಟ್ ಅಂಗಡಿಯ ಬ್ರಷ್ ತೊಳೆದ ನೀರು, ಲಾಂಡ್ರಿಯ ನೊರೆ, ಮಾಂಸದಂಗಡಿ ತೊಳೆದ ಕೊಳೆ, ಎಲ್ಲಕ್ಕೂ ಗುಡುಗೇ ಮುಹೂರ್ತ. ಮಳೆ ತೊಳೆದುಕೊಂಡು ಹೋಗುತ್ತದಲ್ಲ! ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಹೋಗುತ್ತಿದ್ದದ್ದು ಬಾತಕ್ಕನ ಹಿತ್ತಲಿಗೆ.

ಆ ವರ್ಷ ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ಅವಳು ಬಾತುಗಳನ್ನೆಲ್ಲ ಕೆರೆಗೆ ಬಿಟ್ಟಳು. ಹೊಸ ನೀರು ಕಂಡು ಅವು ಕುಣಿದಾಡಿದವು. ಸ್ವಲ್ಪ ಹೊತ್ತಿಗೆ ಚರಂಡಿಯ ಬಾಯಿಂದ ಕಪ್ಪಗೆ, ದಪ್ಪಗೆ ಏನೋ ಇಳಿದು ಬಂದು ನೀರ ಮೇಲೆ ಹರಡಿಕೊಂಡಿತು. ಎಂಜಿನ್ ಎಣ್ಣೆ. ಬಾತುಗಳ ಗರಿ ಒಂದಕ್ಕೊಂದು ಅಂಟಿಕೊಂಡಿತು. ನೀರಿನಲ್ಲೇ ಹುಟ್ಟಿದಂತೆ ಇದ್ದ ಜೀವಗಳು ಒದ್ದೆ ಬಟ್ಟೆಯ ಗಂಟಿನ ಹಾಗೆ ಒಂದೊಂದಾಗಿ ಮುಳುಗತೊಡಗಿದವು. ಬಾತುಕೋಳಿ ಮುಳುಗುವುದನ್ನು ಬಾತಕ್ಕ ಜನ್ಮದಲ್ಲಿ ನೋಡಿರಲಿಲ್ಲ. ಸೊಂಟದ ತನಕ ಇಳಿದು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ತಂದಳು. ತಮ್ಮ ಬಿಸಿನೀರು ಕಾಯಿಸಿದ, ಅವಳು ಸಾಬೂನು ಹಾಕಿ ಉಜ್ಜಿದಳು. ಒಲೆಯ ಮುಂದೆ ಸಾಲಾಗಿ ಕೂತು ಗಡಗಡ ನಡುಗಿ, ನಡುಗಿ, ಅವೂ ಸತ್ತವು. ಒಂದೂ ಉಳಿಯಲಿಲ್ಲ.

ಅವಳು ಅಳಲಿಲ್ಲ. ಒಂದು ಸತ್ತ ಬಾತನ್ನು ಬುಟ್ಟಿಯಲ್ಲಿಟ್ಟುಕೊಂಡು ಮೇಲಿನ ಊರಿನ ಪುರಸಭೆಗೆ ನಡೆದಳು. ಅಲ್ಲಿನ ಗುಮಾಸ್ತ ಮೂಗು ಮುಚ್ಚಿಕೊಂಡು ಬುಟ್ಟಿಯೊಳಗೆ ಇಣುಕಿದ. "ಇದು ಸತ್ತಿದ್ದು ಎಲ್ಲಿ?"

"ಕೆರೇಲಿ."

"ಕೆರೆ ಕೆಳಗಿನ ಊರಿಂದು. ಅಲ್ಲಿಗೆ ಹೋಗಿ ಹೇಳಮ್ಮ."

ಕೆಳಗಿನ ಊರಿನ ಪುರಸಭೆಯಲ್ಲಿ ಇನ್ನೊಬ್ಬ ಗುಮಾಸ್ತ, ಅದೇ ಮೂಗು, ಅದೇ ಕರವಸ್ತ್ರ. "ಎಣ್ಣೆ ಬಂದಿದ್ದು ಎಲ್ಲಿಂದ?"

"ಮೇಲಿಂದ."

"ಹಾಗಿದ್ರೆ ಮೇಲಿನ ಊರಲ್ಲಿ ಕೊಡಬೇಕು ದೂರು. ಚರಂಡಿಯ ಎಡಗೋಡೆ ನಮ್ಮದು, ಬಲಗೋಡೆ ಅವರದು. ಮಧ್ಯ ಹರಿಯೋ ನೀರು ಯಾರದ್ದೂ ಅಲ್ಲ."

"ನೀರು ಯಾರದ್ದೂ ಅಲ್ವಾ? ಸರಿ ಸ್ವಾಮಿ. ಹಾಗಾದ್ರೆ ಬಾತೂ ಯಾರದ್ದೂ ಅಲ್ಲ" ಎಂದು ಅವಳು ಬುಟ್ಟಿಯನ್ನು ಅವನ ಮೇಜಿನ ಮೇಲೆ ಬೋರಲು ಹಾಕಿ ಹೊರಗೆ ಬಂದಳು. ಆ ಮೇಜಿನ ಎಣ್ಣೆ ಕಲೆ ಈಗಲೂ ಹೋಗಿಲ್ಲವಂತೆ, ಆ ಗುಮಾಸ್ತನಿಗೂ ಅವಳನ್ನು ಕಂಡರೆ ಎದ್ದು ನಿಲ್ಲುವ ಅಭ್ಯಾಸ ಹೋಗಿಲ್ಲ.

ಎಣ್ಣೆ ಯಾರದು ಎಂಬುದು ಎರಡೂ ಊರಿಗೆ ಗೊತ್ತಿತ್ತು. ಗಡಿಕಲ್ಲಿಗೆ ಅಂಟಿಕೊಂಡೇ ಗ್ಯಾರೇಜು. ಮೇಲಿನ ಊರಿನ ಕಟ್ಟಕಡೆಯ ಕಟ್ಟಡ, ಎಲ್ಲಕ್ಕಿಂತ ತಗ್ಗಿನದು. ಅದರ ಮಾಲೀಕ ನಗುಮುಖದ ಮನುಷ್ಯ, ಎಲ್ಲರಿಗೂ ಬೇಕಾದವನು, ದಾರಿಯಲ್ಲಿ ಗಾಡಿ ನಿಂತರೆ ಓಡಿ ಬರುವವನು. ಅಂಥವನ ಮೇಲೆ ಬೆರಳು ತೋರಿಸುವವರು ಯಾರು? ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದರು. ಬಾತಕ್ಕ ಅದನ್ನೂ ಸಹಿಸಿಕೊಳ್ಳುತ್ತಿದ್ದಳೇನೋ. ಸಹಿಸಿಕೊಳ್ಳಲಾಗದ್ದು ನಡೆದದ್ದು ಚಹಾದಂಗಡಿಯಲ್ಲಿ.

ಅವಳು ಅಂಗಡಿಯ ಹಿಂದುಗಡೆ ನಿಂತು ಮೊಟ್ಟೆ ಬುಟ್ಟಿಗಳನ್ನು ವಾಪಸು ಪಡೆಯುತ್ತಿದ್ದಳು, ಇನ್ನು ಮೊಟ್ಟೆ ಇಲ್ಲವಲ್ಲ. ಮುಂದೆ ಬೆಂಚಿನ ಮೇಲೆ ಗ್ಯಾರೇಜಿನವನು ಲೋಟ ಹಿಡಿದು ಕೂತಿದ್ದ. ಯಾರೋ ಬಾತುಗಳ ಮಾತು ಎತ್ತಿದರು. ಅವನು ಒಂದು ಗುಟುಕು ಕುಡಿದು, "ಅಯ್ಯೋ, ಈಜೋಕೆ ಬಾರದ ಬಾತುಕೋಳಿ ಸಾಕಿದ್ರೆ ಅದಕ್ಕೆ ನಾವೇನ್ ಮಾಡೋಣ?" ಎಂದ. ಬೆಂಚು ಬೆಂಚೆಲ್ಲ ನಕ್ಕಿತು. ಚಹಾದವನೂ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕವರ ನಡುವೆ ಅವಳು ಬುಟ್ಟಿ ಎತ್ತಿಕೊಂಡು ಹಾದು ಹೋದಳು. ಯಾರಿಗೂ ನಗು ತಡೆಯಲಾಗಲಿಲ್ಲ.

ಮನೆಗೆ ಬಂದವಳೇ ತಮ್ಮನಿಗೆ ಹೇಳಿದಳು: "ಅವನ ಬಾಯಲ್ಲೇ ಹೇಳಿಸ್ತೀನಿ. ಸುರಿದಿದ್ದು ನಾನು ಅಂತ. ಎಲ್ಲರ ಮುಂದೆ."

"ಹೇಳಿದ್ರೆ ಏನ್ ಬಂತು ಅಕ್ಕ? ಬಾತು ಎದ್ದು ಬರುತ್ವಾ?"

"ಬಾತು ಬರೋದು ಬೇಡ. ಆ ನಗು ವಾಪಸ್ ಹೋಗಬೇಕು ಅವನ ಗಂಟಲೊಳಗೆ."

ತಮ್ಮ ಅಕ್ಕನ ಹಾಗಲ್ಲ, ನಿಧಾನದ ಹುಡುಗ, ಕೋಪ ಬಂದರೆ ಮೀನಿನ ಬಲೆ ಹೆಣೆಯುತ್ತಾ ಕೂರುವವನು. ಈಗ ಮದುವೆಯಾಗಿ ಪಕ್ಕದ ಕೋಣೆಯಲ್ಲೇ ಸಂಸಾರ. ಅಕ್ಕ ತಮ್ಮ ಇಬ್ಬರೂ ಸೇರಿ ಒಣಹುಲ್ಲಿನ ಕಟ್ಟು ಕಟ್ಟಿ, ನೀರ ಮೇಲೆ ಎಳೆದು ಎಳೆದು ಕೆರೆಯ ಎಣ್ಣೆ ಹೀರಿಸಿದರು. ಅದಕ್ಕೇ ಆ ಮಳೆಗಾಲ ಪೂರ್ತಿ ಹಿಡಿಯಿತು. ಕೆರೆ ತಿಳಿಯಾದ ಮೇಲೆ ಅವನು, "ನೀನು ಬಾತು ಬೇಡ ಅಂತೀಯಲ್ಲ, ನಾನು ಮೀನು ಬಿಡ್ತೀನಿ" ಎಂದು ಮರಿಮೀನು ತಂದು ಬಿಟ್ಟ. ದಿನಾ ಬೆಳಗ್ಗೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಅವುಗಳಿಗೆ ಹಿಂಡಿ ಎರಚುತ್ತಾ ಮಾತಾಡುತ್ತಿದ್ದ. ಮನುಷ್ಯರ ಹತ್ತಿರ ಅಷ್ಟು ಮಾತಾಡಿದ್ದನ್ನು ಅವನ ಹೆಂಡತಿಯೂ ಕೇಳಿರಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಗಳು ಯಾರೋ ಬಂದು ಎರಡೂ ಪುರಸಭೆಯವರ ಬೆವರು ಚೆನ್ನಾಗಿ ಇಳಿಸಿ ಹೋದರು: ಮಳೆನೀರು ಕೆಡದಂತೆ ನೋಡಿಕೊಳ್ಳುವುದು ಇಬ್ಬರ ಜವಾಬ್ದಾರಿ, ಕೂಡಿ ಮಾಡಿ ಎಂದು. ಕೂಡಿ ಮಾಡಿದರು ನೋಡಿ! ಗಡಿಕಲ್ಲಿನ ಹತ್ತಿರ ಚರಂಡಿಗೆ ಅಡ್ಡಲಾಗಿ ಒಂದು ತೊಟ್ಟಿ ಕಟ್ಟಿದರು. ಬಂದ ನೀರು ಅದರಲ್ಲಿ ನಿಲ್ಲಬೇಕು, ಎಣ್ಣೆ ಮೇಲೆ ತೇಲಬೇಕು, ತೇಲಿದ್ದನ್ನು ಬಳಿದು ತೆಗೆಯಬೇಕು. ತೊಟ್ಟಿಯ ತಳದಲ್ಲಿ ಒಂದು ತೂಬು, ಅದಕ್ಕೆ ಕಬ್ಬಿಣದ ಹಲಗೆ, ಮೇಲಕ್ಕೆತ್ತಲು ಚಕ್ರ. ಜೋರು ಮಳೆ ಬಂದಾಗ ಹಲಗೆ ಎತ್ತಿದರೆ ತಳದ ನೀರು ಕೆರೆಗೆ ಹೋಗುತ್ತದೆ, ಎಣ್ಣೆ ತೊಟ್ಟಿಯಲ್ಲೇ ಉಳಿಯುತ್ತದೆ. ಹೊತ್ತಿಗೆ ಸರಿಯಾಗಿ ಎತ್ತದಿದ್ದರೆ ನೀರು ಹಿಂದಕ್ಕೆ ನುಗ್ಗಿ ಗ್ಯಾರೇಜು ಮುಳುಗುತ್ತದೆ, ಇನ್ನೂ ತಡವಾದರೆ ತೊಟ್ಟಿಯ ಕಟ್ಟೆ ದಾಟಿ ಎಣ್ಣೆಯೆಲ್ಲ ಕೆರೆಗೆ.

ಇಲ್ಲಿಯ ತನಕ ಚೆನ್ನಾಗಿತ್ತು. ಆದರೆ ತೂಬು ಯಾರ ಕೈಯಲ್ಲಿರಬೇಕು? ಮೇಲಿನವರಿಗೆ ಕೆಳಗಿನವರ ಮೇಲೆ ನಂಬಿಕೆ ಇಲ್ಲ, ಕೆಳಗಿನವರಿಗೆ ಮೇಲಿನವರ ಮೇಲೆ ಮೊದಲೇ ಇಲ್ಲ. ಕಡೆಗೆ ಚಕ್ರಕ್ಕೊಂದು ಸರಪಳಿ ಸುತ್ತಿ ಎರಡು ಬೀಗ ಹಾಕಿದರು. ಒಂದೊಂದು ಊರಿಗೆ ಒಂದೊಂದು ಕೀಲಿಕೈ. ಇಬ್ಬರೂ ಬಂದು, ಇಬ್ಬರೂ ಬೀಗ ತೆಗೆದರೆ ಮಾತ್ರ ಚಕ್ರ ತಿರುಗುತ್ತದೆ. ಇಷ್ಟು ಬುದ್ಧಿ ಬೇರೆ ಯಾವ ಊರಿನವರಿಗೂ ಬಂದಿರಲಾರದು. ಪಕ್ಕದಲ್ಲಿ ಒಂದು ಬೋರ್ಡೂ ನೆಟ್ಟರು: "ಮಳೆನೀರು ಎಲ್ಲರ ಜವಾಬ್ದಾರಿ."

ಮೇಲಿನ ಊರಿನ ಕೀಲಿಕೈ ಗ್ಯಾರೇಜಿನವನ ಪಾಲಿಗೆ ಹೋಯಿತು, ಅವನ ಶೆಡ್ಡು ಪಕ್ಕದಲ್ಲೇ ಇದ್ದುದರಿಂದ. ಅವನೂ ಖುಷಿಯಿಂದ ಒಪ್ಪಿದ, ಕಾವಲುಗಾರನ ಮೇಲೆ ಯಾರು ಅನುಮಾನ ಪಡುತ್ತಾರೆ? ಕೆಳಗಿನ ಊರಿನ ಕೀಲಿಕೈಗೆ ಜನ ಸಿಗಲಿಲ್ಲ. ಮಳೆಯಲ್ಲಿ ನೆನೆದು ಎಣ್ಣೆ ಬಳಿಯುವುದು ಯಾರಿಗೆ ಬೇಕು? ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ಹಿಂದಿನಿಂದ ಬಾತಕ್ಕನ ದನಿ ಕೇಳಿಸಿತು: "ನನಗೆ ಕೊಡಿ."

ಅಧ್ಯಕ್ಷರು ಅವಳ ದೊಡ್ಡ ಮನಸ್ಸನ್ನು ಹೊಗಳಿದ್ದೇ ಹೊಗಳಿದ್ದು. ಅವಳ ಮನಸ್ಸು ಎಷ್ಟು ದೊಡ್ಡದು ಎಂದು ತಮ್ಮನಿಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. ಅವಳು ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು, ಸ್ನಾನಕ್ಕೂ ತೆಗೆಯಲಿಲ್ಲ.

ಮಳೆ ಬಂದಾಗಲೆಲ್ಲ ಇಬ್ಬರೂ ತೊಟ್ಟಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಉದ್ದ ಹಿಡಿಯ ಸೌಟಿನಲ್ಲಿ ಎಣ್ಣೆ ಬಳಿಯುತ್ತಿದ್ದರು. ನಡುವೆ ಒಂದು ಹಗ್ಗ ಕಟ್ಟಿದ್ದರು, ಅತ್ತ ಅವನ ಪಾಲು, ಇತ್ತ ಅವಳ ಪಾಲು. ಎಣ್ಣೆಗೆ ಹಗ್ಗ ಗೊತ್ತೇ? ಅವನು ಬಳಿಯುವ ನೆಪದಲ್ಲಿ ಸೌಟಿನಿಂದ ಮೆಲ್ಲಗೆ ತಳ್ಳುತ್ತಿದ್ದ, ಎಣ್ಣೆ ಹಗ್ಗದ ಅಡಿಯಿಂದ ಅವಳ ಕಡೆಗೆ ತೇಲಿ ಬರುತ್ತಿತ್ತು.

"ನಿಮ್ಮ ಕಡೆ ಜಾಸ್ತಿ ಇದೆಯಲ್ಲ ಅಕ್ಕ ಇವತ್ತು" ಎಂದು ಹಲ್ಲು ಕಿರಿಯುತ್ತಿದ್ದ.

"ಇರಲಿ ಬಿಡಪ್ಪ. ನಿಂದೆಲ್ಲ ನನ್ನ ಕಡೆಗೇ ಬರೋದು ತಾನೆ" ಎನ್ನುತ್ತಿದ್ದಳು. ಅವಳು ಹೀಗೆ ಮೆತ್ತಗೆ ಮಾತಾಡಿದ ದಿನ ತಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಒಂದು ಮಧ್ಯಾಹ್ನ ಗುಡುಗಿದ ಕೂಡಲೇ ಛತ್ರಿಯನ್ನೂ ಹಿಡಿಯದೆ ಗ್ಯಾರೇಜಿನ ಹಿಂದಕ್ಕೆ ಓಡಿದಳು. ಸರಿಯಾಗಿ ಸಿಕ್ಕಿಬಿದ್ದ. ಎಣ್ಣೆಯ ಡಬ್ಬ ಚರಂಡಿಯ ಮೇಲೆ ವಾಲಿತ್ತು, ಅವನ ಎರಡೂ ಕೈ ಡಬ್ಬದ ಮೇಲಿದ್ದವು. ಅವಳನ್ನು ಕಂಡು ಒಂದು ಗಳಿಗೆ ಗಾಬರಿಯಾದ, ಮರುಗಳಿಗೆ ಅದೇ ನಗು.

"ಎಲ್ಲರೂ ಹಾಕ್ತಾರೆ ಅಕ್ಕ. ಪೇಂಟಿನವನು ಹಾಕಲ್ವಾ? ಲಾಂಡ್ರಿಯವನು ಹಾಕಲ್ವಾ? ಅವರನ್ನೂ ಕೇಳಿ."

"ಅವರದನ್ನ ಅವರ ಹತ್ರ ಕೇಳ್ತೀನಿ. ನನ್ನ ಬಾತು ಕೊಂದಿದ್ದು ನಿನ್ನ ಎಣ್ಣೆ. ಹೌದೋ ಅಲ್ವೋ, ಅಷ್ಟು ಹೇಳು."

"ಯಾರ ಎಣ್ಣೆ ಅಂತ ಎಣ್ಣೆ ಮೇಲೆ ಬರೆದಿರುತ್ತಾ?" ಎಂದು ಡಬ್ಬವನ್ನು ಪೂರ್ತಿ ಬಗ್ಗಿಸಿ, ತಳ ತಟ್ಟಿ, ಒಳಗೆ ಹೋದ. ಅವಳ ಕಣ್ಣೆದುರೇ!

ಅವಳು ಎರಡೂ ಪುರಸಭೆಗಳಿಗೆ ಹೇಳಿದಳು. ಪುರಸಭೆಯವರು ಇಂಜಿನಿಯರನ್ನು ಕಳಿಸಿದರು. ಇಂಜಿನಿಯರು ತಪ್ಪಿತಸ್ಥನನ್ನು ಹುಡುಕಲು ಬಂದವನಲ್ಲ, ಜಾಗೃತಿ ಮೂಡಿಸಲು ಬಂದವನು. ಶಾಲೆಯ ಅಂಗಳದಲ್ಲಿ ಎರಡೂ ಊರಿನವರನ್ನು ಸೇರಿಸಿದ. ಒಬ್ಬರನ್ನು ದೂರಿ ಪ್ರಯೋಜನವಿಲ್ಲ, ತಪ್ಪು ಎಲ್ಲರದು, ತಿದ್ದಿಕೊಳ್ಳುವುದೂ ಎಲ್ಲರದು ಎಂದು ಸೊಗಸಾಗಿ ಮಾತಾಡಿದ. ಕೊನೆಗೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ತಾನು ಹೇಳಿದ್ದನ್ನು ಹೇಳಿಸಿದ: "ಕೆರೆ ಕೆಡಿಸಿದ್ದು ನಾವೆಲ್ಲರೂ. ಕಾಯುವುದೂ ನಾವೆಲ್ಲರೂ."

ಎಲ್ಲರಿಗಿಂತ ಜೋರಾಗಿ ಕೂಗಿದ್ದು ಗ್ಯಾರೇಜಿನವನು. ಕೂಗಿ, ಎದೆ ಹಗುರಾದವನ ಹಾಗೆ ಉಸಿರು ಬಿಟ್ಟು, ಪಕ್ಕದವನ ಹೆಗಲು ತಟ್ಟಿದ. ಜನ ಚಪ್ಪಾಳೆ ತಟ್ಟಿದರು. ಬಾತಕ್ಕ ಮಾತ್ರ ಕೈ ಕಟ್ಟಿಕೊಂಡು ಕೂತೇ ಇದ್ದಳು. ಅವಳ ಬಾತುಗಳ ಸಾವನ್ನು ಈ ಜನ ಪುಡಿಪುಡಿ ಮಾಡಿ, ತಲೆಗಿಷ್ಟು ಎಂದು ಹಂಚಿಕೊಂಡುಬಿಟ್ಟರು. ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದು ಗರಿಯಷ್ಟೂ ಇಲ್ಲ. ಯಾರಿಗೂ ಭಾರವಾಗಲಿಲ್ಲ. ನಿಜ ಹೇಳಬೇಕೆಂದರೆ ಅವನು ಚಹಾದಂಗಡಿಯಲ್ಲಿ ನಗಿಸಿದ್ದಕ್ಕಿಂತ ಈ ಪ್ರತಿಜ್ಞೆಯೇ ಅವಳಿಗೆ ಹೆಚ್ಚು ಉರಿಯಿತು.

"ನನಗೆ ಹಂಚಿದ ತಪ್ಪು ಬೇಡ. ಇಡಿಯಾಗಿ ಬೇಕು, ಅವನೊಬ್ಬನಿಂದ" ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಬಂದಳು.

ಆ ದಿನದಿಂದ ಅವಳು ಆಕಾಶ ನೋಡತೊಡಗಿದಳು.

ಅವಳು ಕಾದಿದ್ದ ಮಳೆ ನಡುಮಧ್ಯಾಹ್ನ ಬಂತು. ಹಗಲೇ ಕತ್ತಲಾಗಿ, ಆಕಾಶ ಕೆಳಗಿಳಿದು, ಬಿಂದಿಗೆಯಿಂದ ಸುರಿದ ಹಾಗೆ. ಗುಡುಗು ಕೇಳಿದ್ದೇ ತಡ, ಮೇಲಿನ ಊರು ವಾಡಿಕೆಯಂತೆ ಹಿಂಬಾಗಿಲು ತೆಗೆದು ಎಲ್ಲವನ್ನೂ ಸುರಿಯಿತು, ಪ್ರತಿಜ್ಞೆ ಮಾಡಿದ ಕೈಯಿಂದಲೇ. ತೊಟ್ಟಿ ಕ್ಷಣದಲ್ಲಿ ಕಪ್ಪಾಯಿತು, ನೀರು ಏರತೊಡಗಿತು. ಬಾತಕ್ಕ ಛತ್ರಿ ಬಿಚ್ಚಿಕೊಂಡು ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು.

ಗ್ಯಾರೇಜಿನವನು ಓಡಿ ಬಂದು ತನ್ನ ಬೀಗ ತೆಗೆದ. "ಬೇಗ ಅಕ್ಕ, ನೀರು ಹಿಂದಕ್ಕೆ ಬರ್ತಿದೆ. ಒಳಗೆ ಗಾಡಿಗಳಿವೆ. ನಮ್ಮ ಅಧ್ಯಕ್ಷರ ಕಾರಿನ ಎಂಜಿನ್ ಬಿಚ್ಚಿ ನೆಲದ ಮೇಲೆ ಇಟ್ಟಿದ್ದೀನಿ."

"ಹೌದಾ? ಪಾಪ."

"ಬೀಗ ತೆಗೀರಿ ಅಕ್ಕ!"

"ತೆಗೀತೀನಿ. ಮೊದಲು ಹೇಳು. ಆ ದಿನ ಎಣ್ಣೆ ಸುರಿದಿದ್ದು ಯಾರು?"

ಅವನು ತಮಾಷೆ ಎಂದುಕೊಂಡ. ಆಮೇಲೆ ಅವಳ ಮುಖ ನೋಡಿದ. ನೀರು ಅವನ ಶೆಡ್ಡಿನ ಹೊಸ್ತಿಲು ಮುಟ್ಟಿತು. ಅವನ ಕೂಗಾಟಕ್ಕೆ ಚಹಾದಂಗಡಿಯವರೆಲ್ಲ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದರು. ಪೇಂಟಿನವನು ಬಂದ, ಲಾಂಡ್ರಿಯವನು ಬಂದ. ಒಬ್ಬ ಧೈರ್ಯ ಮಾಡಿ ಅವಳ ಕೊರಳಿಗೆ ಕೈ ಹಾಕಲು ನೋಡಿದ. ಅವಳು ದಾರ ಹರಿದು ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ತೊಟ್ಟಿಯ ಮೇಲೆ ಚಾಚಿದಳು. "ಮುಟ್ಟಿ ನೋಡಿ. ನೀರಿಗೆ ಬಿಡ್ತೀನಿ. ಆಮೇಲೆ ಎಲ್ಲರೂ ಸೇರಿ ಹುಡುಕಿ, ಎಲ್ಲರ ಜವಾಬ್ದಾರಿ ಅಲ್ವಾ?" ಸರಪಳಿ ಕತ್ತರಿಸೋಣ ಎಂದರೆ ಕತ್ತರಿಸುವ ಸಾಮಾನೆಲ್ಲ ಗ್ಯಾರೇಜಿನ ನೀರಿನಡಿಯಲ್ಲಿ.

ಇಂಜಿನಿಯರೂ ಪ್ಯಾಂಟು ಮಡಿಚಿಕೊಂಡು ಬಂದ. "ಅಮ್ಮಾ, ಇದು ವೈಯಕ್ತಿಕ ದ್ವೇಷದ ಹೊತ್ತಲ್ಲ..."

"ನೀವು ಸುಮ್ನಿರಿ ಸ್ವಾಮಿ. ನೀವು ಕೈ ಚಾಚಿಸಿದ್ದು ಸಾಕು."

ಆಗ ತಮ್ಮ ಬಂದ, ಕೆರೆಯ ಕಡೆಯಿಂದ, ಕೆಸರಿನಲ್ಲಿ ಜಾರುತ್ತಾ. "ಅಕ್ಕ, ಇನ್ನೊಂದು ಗೇಣು ಏರಿದ್ರೆ ಕಟ್ಟೆ ದಾಟುತ್ತೆ. ಎಣ್ಣೆ ಪೂರ್ತಿ ಕೆರೆಗೆ ಬರುತ್ತೆ. ನನ್ನ ಮೀನು, ಅಕ್ಕ."

ಅವಳು ಕಟ್ಟೆಯನ್ನು ನೋಡಿದಳು, ನೀರನ್ನು ನೋಡಿದಳು. ಒಂದು ಗೇಣು ಇದೆಯಲ್ಲ. ಅಷ್ಟರೊಳಗೆ ಬಗ್ಗುತ್ತಾನೆ ಎಂದುಕೊಂಡಳು. "ಸ್ವಲ್ಪ ಇರು, ಮರಿ" ಎಂದಳು. ಚಿಕ್ಕಂದಿನಲ್ಲಿ ಅವನು ಹಸಿವೆಂದು ಅತ್ತಾಗಲೂ ಹಾಗೆಯೇ ಹೇಳುತ್ತಿದ್ದಳು.

ಗ್ಯಾರೇಜಿನವನು ಮೊದಲು ಎಲ್ಲರೂ ಹಾಕುತ್ತಾರೆ ಎಂದ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಕೆಲಸದವರು ಹಾಕಿರಬಹುದು ಎಂದ. ಅದಕ್ಕೂ ಅಲ್ಲಾಡಿಸಿದಳು. ಆದದ್ದು ಆಗಿಹೋಯಿತು, ಹೊಸ ಬಾತು ತಂದುಕೊಡುತ್ತೇನೆ ಎಂದ. ಅವಳು ಛತ್ರಿ ಇನ್ನೊಂದು ಹೆಗಲಿಗೆ ಬದಲಾಯಿಸಿದಳು. ಶೆಡ್ಡಿನೊಳಗೆ ಏನೋ ಮಗುಚಿ ಬಿದ್ದ ಸದ್ದಾಯಿತು. ಮೊಣಕಾಲು ಮುಳುಗುವ ನೀರಿನಲ್ಲಿ ನಿಂತ ಅವನ ಮುಖದಿಂದ ಆ ನಗು, ಊರಿಗೆಲ್ಲ ಬೇಕಾದ ಆ ನಗು, ಇಳಿದು ಹೋಯಿತು.

"ನಾನೇ" ಎಂದ. "ಸುರಿದಿದ್ದು ನಾನೇ ಅಕ್ಕ. ಡ್ರಮ್ಮು ತುಂಬಿತ್ತು, ಇಡೋಕೆ ಜಾಗ ಇರಲಿಲ್ಲ. ಗುಡುಗ್ತು, ಉರುಳಿಸಿಬಿಟ್ಟೆ. ನಿಮ್ಮ ಬಾತುಗಳು ಕೆರೇಲಿ ಕೂಗ್ತಿದ್ದದ್ದು ನನಗೆ ಕೇಳಿಸ್ತಿತ್ತು. ಕೇಳಿಸಿದ್ರೂ ಸುರಿದೆ. ಆಮೇಲೆ ಅಂಗಡೀಲಿ ಹಾಗೆ ಅಂದಿದ್ದೂ ತಪ್ಪು."

ಚಹಾದವನು ಮುಖ ಆ ಕಡೆ ತಿರುಗಿಸಿದ. ಅವತ್ತು ನಕ್ಕಿದ್ದ ಒಬ್ಬೊಬ್ಬರೂ ಕಾಲ ಕೆಳಗಿನ ನೀರು ನೋಡತೊಡಗಿದರು. ಬಾತಕ್ಕನ ಎದೆಯಲ್ಲಿ ಎರಡು ವರ್ಷದಿಂದ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಅಬ್ಬಾ, ಎಂಥ ಸುಖ! ಹೊಟ್ಟೆ ತುಂಬಾ ಉಂಡ ಹಾಗೆ. ಕೀಲಿಕೈ ಹಿಡಿದ ಕೈಯನ್ನು ಬೀಗದ ತನಕ ತಂದಳು. ತಂದವಳು ಅಲ್ಲೇ ನಿಂತಳು.

"ಇನ್ನೊಂದು ಸಲ ಹೇಳು. ಹಿಂದೆ ಇರೋರಿಗೆ ಕೇಳಿಸಲಿಲ್ಲ."

"ಕೇಳಿಸ್ತು ಅಕ್ಕ!" ತಮ್ಮ ಕೂಗಿದ. "ಎಲ್ಲರಿಗೂ ಕೇಳಿಸ್ತು. ತೆಗಿ ಬೀಗ!"

"ನೀನು ಸುಮ್ನಿರೋ. ಹೂಂ, ಹೇಳಪ್ಪ. ಜೋರಾಗಿ."

ಅವನು ಮತ್ತೆ ಹೇಳಿದ. ಈ ಸಲ ಒಂದೊಂದು ಮಾತೂ ತಡೆದು ತಡೆದು ಬಂತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಬಾತುಗಳು ಕೂಗುತ್ತಿದ್ದವು ಎಂಬಲ್ಲಿಗೆ ಅವನು ಬಂದಾಗ ಅವಳ ತುಟಿಯಂಚಿನಲ್ಲಿ ನಗು ಮೂಡಿತ್ತೆಂದು ನೋಡಿದವರು ಹೇಳುತ್ತಾರೆ. ಕಣ್ಣು ತೆರೆಸಿದ್ದು ತಮ್ಮನ ಬಾಯಿಂದ ಹೊರಟ ಒಂದು ಸದ್ದು. ಅದು ಮಾತಲ್ಲ, ಕೂಗೂ ಅಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕಪ್ಪು ಎಣ್ಣೆ ಅಗಲವಾಗಿ, ಸದ್ದಿಲ್ಲದೆ, ಕೆರೆಯ ಕಡೆಗೆ ಇಳಿಯುತ್ತಿತ್ತು.

ಬೀಗ ತೆಗೆದಳು. ನಾಲ್ಕಾರು ಜನ ಸೇರಿ ಚಕ್ರ ತಿರುಗಿಸಿದರು, ಹಲಗೆ ಎದ್ದಿತು, ಗ್ಯಾರೇಜಿನ ನೀರು ಇಳಿಯಿತು. ಎಣ್ಣೆ ಅಷ್ಟರಲ್ಲಿ ಹೋಗಬೇಕಾದಲ್ಲಿಗೆ ಹೋಗಿ ಮುಟ್ಟಿತ್ತು.

ಆ ಸಂಜೆ ಅವಳು ತಲೆ ಒರೆಸಿಕೊಂಡು, ಒಗೆದ ಬಟ್ಟೆ ಉಟ್ಟು, ಬಿಸಿಬಿಸಿ ಉಂಡಳು. ಪಕ್ಕದ ಕೋಣೆಯಿಂದ ಮಾತೇ ಇಲ್ಲ. ಕೋಪ ಇರಬೇಕು, ಬೆಳಗ್ಗೆ ಸರಿಹೋಗುತ್ತಾನೆ, ಹುಲ್ಲು ಕಟ್ಟಿ ಎಳೆದರಾಯಿತು ಎಂದುಕೊಂಡಳು. ಹಾಸಿಗೆಗೆ ಬಿದ್ದೊಡನೆ ನಿದ್ದೆ ಬಂತು. ಅಷ್ಟು ಒಳ್ಳೆಯ ನಿದ್ದೆ ಅವಳಿಗೆ ಬಂದು ಬಹಳ ಕಾಲವಾಗಿತ್ತು.

ಬೆಳಗ್ಗೆ ಕೆರೆ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿರ ಹೋದಾಗ ಅದು ಮೀನಿನ ಹೊಟ್ಟೆ ಎಂದು ತಿಳಿಯಿತು. ದಡದಿಂದ ದಡಕ್ಕೆ ಮಗುಚಿ ತೇಲುತ್ತಿದ್ದವು, ಅಂಗೈಯಗಲ ಬೆಳೆದವು. ತಮ್ಮ ನೀರಿಗಿಳಿದು ಬುಟ್ಟಿಗೆ ತುಂಬುತ್ತಿದ್ದ. ಅವಳನ್ನು ಕಂಡು ದಡಕ್ಕೆ ಬಂದ. ಬೈಯುತ್ತಾನೆ ಎಂದು ಅವಳು ಮೈ ಗಟ್ಟಿ ಮಾಡಿಕೊಂಡಳು, ಉತ್ತರವೂ ಸಿದ್ಧವಿತ್ತು: ಎಣ್ಣೆ ನನ್ನದಲ್ಲ, ಸುರಿದವರನ್ನು ಕೇಳು.

ಅವನು ಎಣ್ಣೆಯ ಮಾತೇ ಎತ್ತಲಿಲ್ಲ. "ಅವನು ಮೊದಲನೇ ಸಲ ಹೇಳಿದಾಗ ಕಟ್ಟೆಗೆ ಇನ್ನೂ ನಾಲ್ಕು ಬೆರಳಿತ್ತು ಅಕ್ಕ" ಎಂದ. "ಎರಡನೇ ಸಲ ಯಾಕೆ ಹೇಳಿಸಿದೆ?"

ಸಿದ್ಧವಿದ್ದ ಉತ್ತರ ಇದಕ್ಕೆ ಹೊಂದಲಿಲ್ಲ. ಹಿಂದಿನವರಿಗೆ ಕೇಳಿಸಲಿಲ್ಲ ಎಂದು ಅವಳು ಹೇಳಬಹುದಿತ್ತು. ಸೊಂಟದ ಮೇಲೆ ಹೊತ್ತು ಸಾಕಿದವನ ಹತ್ತಿರ ಸುಳ್ಳು ಹೇಳಿ ಅವಳಿಗೆ ರೂಢಿಯಿಲ್ಲ.

"ಕೇಳೋಕೆ ಹಿತವಾಗಿತ್ತು ಕಣೋ" ಎಂದಳು. "ಇನ್ನೊಂದು ಸಲ ಕೇಳಬೇಕು ಅನ್ನಿಸ್ತು."

ಅವನು ತಲೆ ಆಡಿಸಿದ. ಒದ್ದೆ ಕೈಯನ್ನು ಅವಳ ಮುಂದೆ ಚಾಚಿ, "ಕೀಲಿಕೈ ಕೊಡು" ಎಂದ. ಅವಳು ಕೊಟ್ಟಳು. ಅದನ್ನು ಜೇಬಿಗೆ ಹಾಕಿಕೊಂಡು ಮತ್ತೆ ನೀರಿಗಿಳಿದ. ದಡದಲ್ಲಿ ಇನ್ನೊಂದು ಖಾಲಿ ಬುಟ್ಟಿ ಇತ್ತು. ಅವಳು ಬಟ್ಟೆ ಎತ್ತಿ ಕಟ್ಟಿಕೊಂಡು ಅದಕ್ಕೆ ಕೈ ಹಾಕಿದಳು.

"ಬೇಡ ಅಕ್ಕ, ಬಿಡು" ಎಂದ ತಮ್ಮ, ತಿರುಗಿ ನೋಡದೆ. "ನಾವು ಮಾಡ್ಕೋತೀವಿ."

ನಾವು ಎಂದರೆ ಯಾರು ಎಂದು ಅವಳು ತಲೆಯೆತ್ತಿ ನೋಡಿದಳು. ಅವನ ಆಚೆಗೆ, ಸೊಂಟದ ತನಕ ಎಣ್ಣೆ ನೀರಿನಲ್ಲಿ, ಗ್ಯಾರೇಜಿನವನು ಮೀನು ಆರಿಸುತ್ತಿದ್ದ.